ನಿಂಗೆ ಮರೆವು ಜಾಸ್ತಿ

ಕಪ್ಪು ಬಿಳುಪು ಸಿನಿಮಾ ಅಂದ್ರೆ ಅರ್ಧ ಗಂಟೇಲಿ ನಿದ್ದೆ ಬರುತ್ತೆ ಅಂದುಕೊಂಡೇ ಆ ಭಾನುವಾರ ಸೋಫಾ ಮೇಲೆ ಒರಗಿದ್ದೆ. ಹಾಕಿದ್ದು ನನ್ನ ಹೆಂಡತಿ. 1944ರ ‘ಗ್ಯಾಸ್‌ಲೈಟ್’. ಇಂಗ್ರಿಡ್ ಬರ್ಗ್‌ಮನ್‌ಗೆ ಆಸ್ಕರ್ ತಂದುಕೊಟ್ಟ ಚಿತ್ರ. ಈಗ ಎಲ್ಲರ ಬಾಯಲ್ಲೂ ಓಡಾಡೋ ‘ಗ್ಯಾಸ್‌ಲೈಟಿಂಗ್’ ಅನ್ನೋ ಪದ ಹುಟ್ಟಿದ್ದು ಈ ಕಥೆಯಿಂದಲೇ.

ಲಂಡನ್ನಿನ ಒಂದು ಹಳೇ ಮನೆ. ಪೌಲಾಗೆ ಗಂಡ ಗ್ರೆಗರಿ ಒಂದು ಬ್ರೋಚ್ ಕೊಡ್ತಾನೆ. ನೀನು ಕಳೆದುಬಿಡ್ತೀಯ, ಜೋಪಾನ ಅಂತ ಹೇಳಿ ಕೈಚೀಲದಲ್ಲಿ ತಾನೇ ಇಡ್ತಾನೆ. ಆಮೇಲೆ ನೋಡಿದರೆ ಅದು ಅಲ್ಲಿಲ್ಲ. ಗೋಡೆ ಮೇಲಿನ ಚಿತ್ರವೂ ಮಾಯ. ಹೊಡೆಯೋದಿಲ್ಲ ಅವನು, ಮೆತ್ತಗೆ, ಅಯ್ಯೋ ಪಾಪ ಅನ್ನೋ ದನಿಯಲ್ಲಿ, ನಿನಗೆ ಹುಷಾರಿಲ್ಲ ಅಂತಾನೆ. ಅವನು ಹೊರಗೆ ಹೋದ ಮೇಲೆ ರಾತ್ರಿ ಅವಳ ಕೋಣೆಯ ದೀಪ ಮಂಕಾಗುತ್ತೆ, ಅಟ್ಟದಲ್ಲಿ ಹೆಜ್ಜೆ ಸಪ್ಪಳ.

ದೀಪದ ಗುಟ್ಟು ನನಗೆ ಬೇಗ ಹೊಳೀತು. ಊರಲ್ಲಿ ಪಕ್ಕದ ತೋಟದವರು ಪಂಪ್‌ಸೆಟ್ ಹಾಕಿದ್ರೆ ನಮ್ಮನೆ ಬಲ್ಬ್ ಸಣ್ಣಗಾಗ್ತಿತ್ತಲ್ಲ, ಹಾಗೇ. ಅಟ್ಟದಲ್ಲಿ ಯಾರೋ ದೀಪ ಹಚ್ಚಿದ್ರೆ ಕೆಳಗೆ ಗ್ಯಾಸ್ ಒತ್ತಡ ಇಳಿಯುತ್ತೆ. ಗ್ರೆಗರಿಯೇ ಅಲ್ಲಿ ಒಡವೆ ಹುಡುಕ್ತಿರ್ತಾನೆ. ಹೆಂಡತಿಗೆ ಜೋರಾಗಿ ಇದನ್ನೆಲ್ಲ ವಿವರಿಸಿದೆ, ಜಾಣ ನಾನು.

ಆಮೇಲೆ ಪತ್ತೇದಾರ ಕ್ಯಾಮರನ್ ಆ ಕೋಣೆಗೆ ಬರ್ತಾನೆ. ದೀಪ ಇಳಿಯುತ್ತೆ. ಅವನ ಕಣ್ಣಿಗೂ ಅದು ಬೀಳುತ್ತೆ. ಇನ್ನೊಬ್ಬರಿಗೂ ಕಂಡಿತು ಅಂತ ಗೊತ್ತಾದಾಗ ಬರ್ಗ್‌ಮನ್ ಮುಖ ನೋಡಬೇಕು ನೀವು. ನಾನು ಪಕ್ಕಕ್ಕೆ ತಿರುಗಿದೆ, ನನ್ನ ಹೆಂಡತಿ ಅಳ್ತಿದ್ದಳು.

ಅವಳಿಗೆ ಗೊತ್ತಿಲ್ಲದ ಒಂದು ವಿಷಯ ನನ್ನ ಹೊಟ್ಟೆಯಲ್ಲಿತ್ತು. ಹಿಂದಿನ ತಿಂಗಳು ಅವಳ ತಂಗಿಯ ಸೀಮಂತ. ಅದೇ ಶನಿವಾರ ನಮ್ಮ ರಿಲೀಸ್‌ಗೆ ಒಪ್ಪಿಕೊಂಡು ಬಂದಿದ್ದೆ. “ನೀನು ನನಗೆ ಹೇಳೇ ಇಲ್ಲ, ನಿಂಗೆ ಮರೆವು ಜಾಸ್ತಿ” ಅಂದೆ. “ಫೋನಲ್ಲಿ ಹೇಳಿದ್ದೆ ಅನ್ಸುತ್ತೆ...” ಅಂದಳು. ರಾತ್ರಿ ನನ್ನ ಕ್ಯಾಲೆಂಡರ್ ತೆಗೆದು ನೋಡಿದೆ. ಅವಳು ಹೇಳಿದ ದಿನವೇ ನಾನೇ ಬರೆದುಕೊಂಡಿದ್ದೆ: ‘ಸೀಮಂತ, ತುಮಕೂರು, ಬೆಳಿಗ್ಗೆ 8ಕ್ಕೆ ಹೊರಡೋದು’. ಡಿಲೀಟ್ ಮಾಡಿ ಮಲಗಿದೆ.

ಆಫೀಸಲ್ಲಿ ಯಾರಾದರೂ ಹೀಗೆ ಲಾಗ್ ಅಳಿಸಿದ್ರೆ ನಾನು ಸುಮ್ಮನೆ ಬಿಡೋನಲ್ಲ.

ಅದಾದ ಮೇಲೆ ಅವಳು ಫ್ರಿಜ್ ಮೇಲೆ ಹಳದಿ ಚೀಟಿ ಅಂಟಿಸೋಕೆ ಶುರು ಮಾಡಿದ್ದಳು. ಹಾಲಿನವನ ದುಡ್ಡು, ಅತ್ತೆಯ ಮಾತ್ರೆ, ಗೀಸರ್ ಆಫ್. ಒಳ್ಳೇ ಅಭ್ಯಾಸ ಅಂತ ಹೊಗಳಿದ್ದೆ ಕೂಡ. ನಾನು ಗ್ರೆಗರಿಯಷ್ಟು ಲೆಕ್ಕ ಹಾಕಿ ಮಾಡಿದವನಲ್ಲ, ಯಾರ ಒಡವೆಯೂ ನನಗೆ ಬೇಕಿರಲಿಲ್ಲ. ಒಂದು ಸಂಜೆಯ ಜಗಳ ತಪ್ಪಿದ್ರೆ ಸಾಕಿತ್ತು.

ಸಿನಿಮಾ ಮುಗಿದ ಮೇಲೆ ಹೇಳಿಬಿಟ್ಟೆ. ಕೂಗಾಡ್ತಾಳೆ ಅಂದುಕೊಂಡಿದ್ದೆ. ಅವಳು ಟಿವಿ ಆರಿಸಿ, ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು.

“ಇನ್ನೂ ಎಷ್ಟಿವೆ ಇಂಥವು?”

ಇದೊಂದೇ ಅನ್ನೋಕೆ ಬಾಯಿ ತೆರೆದೆ. ಆಮೇಲೆ ಅಡುಗೆಮನೆ ಕಡೆ ಕಣ್ಣು ಹೋಯ್ತು.

“ಆವತ್ತು ರಾತ್ರಿಯಿಡೀ ಗೀಸರ್ ಉರೀತಿತ್ತಲ್ಲ” ಅಂದೆ, “ಅದು ಆಫ್ ಮಾಡೋದು ಮರೆತಿದ್ದು ನಾನು.”

ಅವಳು ಎದ್ದು ಹೋಗಿ ಆ ಒಂದು ಚೀಟಿ ಕಿತ್ತುಕೊಂಡು ಬಂದಳು. ನನ್ನ ಪಕ್ಕ ಕೂತು, “ಹೂಂ, ಮುಂದೆ ಹೇಳು” ಅಂದಳು.