ಬಿಳಿಮೀನು, ನೀರಲ್ಲೇ

ನವೆಂಬರ್ 18, 2023, ಶನಿವಾರ. ವಾಲ್ನೂರು

ಕಾವೇರಿ ಹೊಳೆ ಈ ಸಲ ಸೊರಗಿದೆ. ಮಳೆ ಕೈಕೊಟ್ಟ ವರ್ಷ. ನವೆಂಬರಿನಲ್ಲಿ ನೀರೊಳಗಿರಬೇಕಾದ ಬಂಡೆಗಳೆಲ್ಲ ಆಗಲೇ ಬೆನ್ನು ತೋರಿಸುತ್ತಿವೆ. ಭಾವ ಪರ್ಮಿಟ್ಟಿನ ಚೀಟಿ ಜೇಬಿಗಿಳಿಸಿ ಬೆಳಿಗ್ಗೆಯೇ ಹೊರಟ. ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿ ನೋಡಿಕೊಳ್ಳುವ ಈ ಭಾಗದಲ್ಲಿ ಹಿಡಿದ ಬಿಳಿಮೀನನ್ನು, ಅಂದರೆ ಮಹಶೀರನ್ನು, ಬಿಟ್ಟೇಬಿಡಬೇಕು. ಗಾಳ ಅವನದು, ಕ್ಯಾಮೆರಾ ನನ್ನದು.

ದಡದಲ್ಲಿ ಕೂತವನೇ ಮೊದಲು ಕೊಕ್ಕೆಯ ಮುಳ್ಳನ್ನು ಇಕ್ಕಳದಲ್ಲಿ ಅದುಮಿ ಮಟ್ಟ ಮಾಡಿದ. ಮುಳ್ಳಿಲ್ಲದ ಒಂಟಿ ಕೊಕ್ಕೆಯಾದರೆ ಒಂದು ತಿರುವಿಗೆ ಕಳಚಿಕೊಳ್ಳುತ್ತದೆ. ಮೂರು ಮೂತಿಯದಾದರೆ ಒಂದನ್ನು ಬಿಡಿಸುವಷ್ಟರಲ್ಲಿ ಇನ್ನೊಂದು ನೆಡುತ್ತದೆ, ಕೆಲವು ಸಲ ನಮ್ಮ ಬೆರಳಿಗೇ.

ಹತ್ತರ ಸುಮಾರಿಗೆ ರಾಗಿ ಉಂಡೆಗೆ ಒಂದು ಬಿತ್ತು. ಭಾವನ ದಾರ ದಪ್ಪ. ತೆಳ್ಳನೆಯ ದಾರದಲ್ಲಿ ದೊಡ್ಡ ಮೀನನ್ನು ಗಂಟೆಗಟ್ಟಲೆ ಆಡಿಸುವುದೇ ಕಲೆ ಎನ್ನುವವರಿದ್ದಾರೆ. ಆಡುವವರು ಅವರು; ಮೀನಿನ ಪಾಲಿಗೆ ಅದು ಪ್ರಾಣ ಉಳಿಸಿಕೊಳ್ಳುವ ಓಟ. ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬುತ್ತದೆ, ಆಮ್ಲಜನಕ ಸಾಲದಾಗುತ್ತದೆ. ನೀರು ಬಿಸಿಯೇರಿದಷ್ಟೂ ಕಷ್ಟ: 20 ಡಿಗ್ರಿಯಲ್ಲಿ ಲೀಟರಿಗೆ 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳುವ ನೀರು 30 ಡಿಗ್ರಿಯಲ್ಲಿ ಏಳೂವರೆಯಷ್ಟನ್ನು ಮಾತ್ರ ಹಿಡಿಯುತ್ತದೆ. ಈ ವರ್ಷ ಹನ್ನೊಂದರ ಮೇಲೆ ಗಾಳ ಹಾಕುವುದಿಲ್ಲ ಎಂದು ಭಾವ ತಾನೇ ಹಾಕಿಕೊಂಡ ನಿಯಮ ನನಗೆ ಹಿಡಿಸಿತು.

ರಬ್ಬರು ಲೇಪಿಸಿದ, ಗಂಟಿಲ್ಲದ ಬಲೆಯಲ್ಲಿ ಮೀನು ನೀರಲ್ಲೇ ಇತ್ತು. ಉದ್ದ 27 ಇಂಚು, ಸುತ್ತಳತೆ 15. ಸುತ್ತಳತೆಯ ವರ್ಗವನ್ನು ಉದ್ದದಿಂದ ಗುಣಿಸಿ 800ರಿಂದ ಭಾಗಿಸಿದರೆ ಪೌಂಡಿನಲ್ಲಿ ಅಂದಾಜು ತೂಕ ಸಿಗುತ್ತದೆ. ಏಳೂವರೆ ಪೌಂಡು ಚಿಲ್ಲರೆ, ಅಂದರೆ ಸುಮಾರು ಮೂರೂವರೆ ಕಿಲೋ. ತಕ್ಕಡಿಗೆ ನೇತುಹಾಕುವ ಪ್ರಮೇಯವೇ ಇಲ್ಲ.

ನವೆಂಬರ್ 19, ಭಾನುವಾರ

ಮಧ್ಯಾಹ್ನದ ಮೇಲೆ ಹೊಳೆದಂಡೆಯಲ್ಲಿ ನರಪಿಳ್ಳೆಯಿಲ್ಲ. ವಿಶ್ವಕಪ್ ಕ್ರಿಕೆಟ್ ಫೈನಲ್, ಎಲ್ಲರೂ ಟಿವಿ ಮುಂದೆ. ಅಹಮದಾಬಾದಿನಲ್ಲಿ ಆರು ವಿಕೆಟ್‌ನಿಂದ ಸೋತಾಯಿತು. ಮನೆಯಲ್ಲಿ ಯಾರಿಗೂ ಮಾತು ಬೇಡ. ನಾನು ಹಳೆಯ ಫೋಟೋಗಳನ್ನು ಹರಡಿಕೊಂಡು ಕೂತೆ.

ಕಪ್ಪುಬಿಳುಪು ಕಾಲದ ಮಹಶೀರ್ ಚಿತ್ರಗಳಲ್ಲಿ ಮೀನು ಮರದ ಕೊಂಬೆಯಿಂದ ನೇತಾಡುತ್ತಿರುತ್ತದೆ, ಇಲ್ಲವೇ ಇಬ್ಬರು ಅದನ್ನು ಬೊಂಬಿಗೆ ಕಟ್ಟಿ ಹೊತ್ತು ನಿಂತಿರುತ್ತಾರೆ. ಪಕ್ಕದಲ್ಲಿ ಟೊಪ್ಪಿಯ ದೊರೆ. 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ ಮೀನು ಹಿಡಿದ ದಾಖಲೆ ಮೈಸೂರಿನ ಡಿ ವೆಟ್ ವಾನ್ ಇಂಗೆನ್ ಅವರದು. ಹುಲಿ, ಚಿರತೆಗಳ ಚರ್ಮ ಹದಮಾಡಿ ಜೀವಂತವೆಂಬಂತೆ ನಿಲ್ಲಿಸಿಕೊಡುತ್ತಿದ್ದ ಮನೆತನ. ಬೇಟೆ, ಗಾಳ, ಫೋಟೋ ಎಲ್ಲಕ್ಕೂ ಒಂದೇ ರೀತಿ ಎದೆಯುಬ್ಬಿಸಿ ನಿಲ್ಲುತ್ತಿದ್ದ ಕಾಲ ಅದು.

ಆಮೇಲೆ ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಗಳಲ್ಲಿ ಗಾಳದವರ ಶಿಬಿರಗಳು ಬಂದವು. ಹಿಡಿದು ಬಿಡುವುದು ರೂಢಿಯಾಯಿತು. ಭಂಗಿ ಮಾತ್ರ ಬದಲಾಗಲಿಲ್ಲ. ಸತ್ತ ಮೀನಿಗೆಂದು ಹುಟ್ಟಿದ ಭಂಗಿಯನ್ನು ಉಸಿರಾಡುವ ಮೀನಿಗೂ ಹೊಂದಿಸಿಬಿಟ್ಟೆವು. ಎದೆಯ ಮಟ್ಟಕ್ಕೆ ಎತ್ತು, ಕ್ಯಾಮೆರಾ ಕಡೆ ನೋಡು, ನಗು. ಸತ್ತದ್ದಕ್ಕೆ ಇದರಿಂದ ಆಗಬೇಕಾದ್ದೇನಿಲ್ಲ, ಎಷ್ಟು ಹೊತ್ತು ಎತ್ತಿ ನಿಂತರೂ ನಡೆದೀತು. ಬದುಕಿದ್ದಕ್ಕೆ ಹಾಗಲ್ಲ.

ನವೆಂಬರ್ 25, ಶನಿವಾರ

ಬೆಂಗಳೂರಿನಿಂದ ಭಾವನ ಪರಿಚಯದ ಹುಡುಗನೊಬ್ಬ ಬಂದಿದ್ದ. ಒಳ್ಳೆಯವನೇ. ದುಬಾರಿ ರೀಲು, ಒಣಗಿದ ಕೈ. ಮೀನು ದಡ ಸೇರುವ ಮೊದಲೇ ಒಂದು ಕೈಗೆ ಫೋನು ಬಂದಿತ್ತು. ತುಟಿಗೆ ಇಕ್ಕಳ ಹಾಕಿ ನೆಟ್ಟಗೆ ಎತ್ತಲು ಹೋದ. ನೀರೇ ಹೊತ್ತುಕೊಂಡಿದ್ದ ದೇಹದ ಭಾರವೆಲ್ಲ ಹಾಗೆ ದವಡೆಗೆ ಬೀಳುತ್ತದೆ. ಹೊಟ್ಟೆಯ ಕೆಳಗೊಂದು ಕೈ, ಬಾಲದ ಬುಡದಲ್ಲೊಂದು ಕೈ, ಎರಡೂ ಒದ್ದೆ, ಕಿವಿರಿನೊಳಗೆ ಬೆರಳಿಲ್ಲ ಎಂದು ಭಾವ ಮೆತ್ತಗೆ ಹೇಳಿಕೊಟ್ಟ. ಸೊಳ್ಳೆಗೆಂದು ಹಚ್ಚಿಕೊಂಡ ಕ್ರೀಮನ್ನೂ ತೊಳೆಸಿದ. ಮೀನಿನ ಮೈಮೇಲಿನ ಲೋಳೆ ನಮಗೆ ಜಾರಿಕೆ, ಅದಕ್ಕೆ ರೋಗ ತಡೆಯುವ ಹೊದಿಕೆ.

ಹುಡುಗನಿಗೆ ಇನ್ನೊಂದು ಆಸೆ: ತೋಳು ಪೂರ್ತಿ ಮುಂದೆ ಚಾಚಿ ಮೀನನ್ನು ಲೆನ್ಸಿಗೆ ಹತ್ತಿರ ತರುವುದು. ಆಗ ಮೂರು ಕಿಲೋದ್ದು ಮೂವತ್ತರಂತೆ ಕಾಣುತ್ತದೆ. ಯಾರಿಗೆ ಮೋಸವೋ ಗೊತ್ತಿಲ್ಲ; ಗಾಳದವರೆಲ್ಲ ಮೊದಲು ನೋಡುವುದು ಬೆರಳಿನ ಗಾತ್ರವನ್ನೇ.

ಊಟಕ್ಕೆ ಕೂತಾಗ ಅವನು ವಾದಿಸಿದ: ಅರ್ಧ ನಿಮಿಷದಲ್ಲಿ ಏನು ಮಹಾ ಆಗುತ್ತದೆ? ಕೆನಡಾದಲ್ಲಿ ಫರ್ಗ್ಯುಸನ್ ಮತ್ತು ಟಫ್ಟ್ಸ್ ಎಂಬ ಸಂಶೋಧಕರು 1992ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಹೇಳಿದೆ. ಸುಸ್ತಾಗುವವರೆಗೆ ಈಜಿಸಿದ ರೇನ್‌ಬೋ ಟ್ರೌಟ್‌ಗಳಲ್ಲಿ ನೀರಲ್ಲೇ ಉಳಿದವುಗಳಲ್ಲಿ ಶೇ. 12ರಷ್ಟು ಸತ್ತವು. ಆಮೇಲೆ 30 ಸೆಕೆಂಡು ಗಾಳಿಯಲ್ಲಿಟ್ಟವುಗಳಲ್ಲಿ ಸತ್ತದ್ದು ಶೇ. 38, ಒಂದು ನಿಮಿಷ ಇಟ್ಟವುಗಳಲ್ಲಿ ಶೇ. 72. ಕಿವಿರಿನ ಎಳೆಗಳು ನೀರಿನಲ್ಲಿ ಬಿಡಿಬಿಡಿಯಾಗಿ ನಿಲ್ಲುತ್ತವೆ, ಗಾಳಿಗೆ ಬಂದರೆ ಕುಸಿದು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಉಸಿರು ಕಟ್ಟುವುದು ಹಾಗೆ. ಟ್ರೌಟ್ ತಣ್ಣೀರಿನ ನಾಜೂಕು ಮೀನು, ಬಿಳಿಮೀನು ಗಟ್ಟಿ ಜೀವ. ಕಾವೇರಿಯ ನೀಲಿ ರೆಕ್ಕೆಯ ಮಹಶೀರ್ ಮೇಲೆ 2016ರಲ್ಲಿ ಪ್ರಕಟವಾದ ಅಧ್ಯಯನವೂ ಇವು ತಕ್ಕಮಟ್ಟಿಗೆ ತಾಳಿಕೊಳ್ಳುತ್ತವೆ ಎಂದೇ ಹೇಳುತ್ತದೆ; ಆದರೆ ಎಳೆದಾಟ ಉದ್ದವಾದಷ್ಟೂ ಮೀನು ಮಂಕಾಗುವುದನ್ನೂ ಅದು ತೋರಿಸಿದೆ. ಇಷ್ಟು ಹೇಳಿದ ಮೇಲೆ ಹುಡುಗ ಅನ್ನ ಕಲಸುವುದನ್ನು ನಿಲ್ಲಿಸಿ, ‘ಹಾಗಾದರೆ ಫೋಟೋನೇ ಬೇಡ್ವಾ?’ ಎಂದ.

ಬೇಕು. ಆದರೆ ಬೇರೆ ಥರದ್ದು.

ಡಿಸೆಂಬರ್ 3, ಭಾನುವಾರ

ಬೇರೆ ಥರದ್ದು ಹೇಗಿರಬೇಕು ಎಂಬುದು ಇವತ್ತು ಸ್ವಲ್ಪ ಕೈಗೆ ಹತ್ತಿತು. ಮೊಣಕಾಲುದ್ದ ನೀರಿನಲ್ಲಿ ನಾನೇ ಮೊದಲು ಇಳಿದು ನಿಂತೆ. ಸೂರ್ಯ ಬೆನ್ನಿಗೆ, ಪೋಲರೈಸರ್ ತಿರುಗಿಸಿ ಮೇಲ್ಮೈಯ ಹೊಳಪು ಕಳೆದದ್ದಾಯಿತು, ಬೆಳಕಿನ ಲೆಕ್ಕವನ್ನು ಭಾವನ ಅಂಗೈ ಇಟ್ಟೇ ಹಿಡಿದಿಟ್ಟೆ. ಕ್ಯಾಮೆರಾ ಸಿದ್ಧವಾಗದೆ ಮೀನು ಬಲೆಯಿಂದ ಏಳಕೂಡದು. ಭಾವನ ಉಪಾಯ ಇನ್ನೂ ಸರಳ: ಮೀನನ್ನು ಎತ್ತುವಾಗ ಅವನೂ ಉಸಿರು ಬಿಗಿಹಿಡಿಯುತ್ತಾನೆ. ಎಳೆದಾಡಿ ಏದುಸಿರು ಬಿಡುತ್ತಿರುವವನಿಗೆ ಐದು ಸೆಕೆಂಡೂ ದೊಡ್ಡದು.

ಆದರೆ ಒಳ್ಳೆಯ ಚಿತ್ರ ಬಂದದ್ದು ಎತ್ತಿದಾಗಲ್ಲ. ಬಲೆಯ ಅಂಚು ತಗ್ಗಿಸಿ, ಮೀನು ಹರಿವಿಗೆ ಮುಖಮಾಡಿ ನಿಂತಿದ್ದಾಗ. ಒದ್ದೆ ಹುರುಪೆಗಳ ಚಿನ್ನದ ಅಂಚು ನೀರೊಳಗೇ ಚೆನ್ನ. ಹೊರಗೆ ತೆಗೆದರೆ ಬಿಸಿಲಿಗೆ ಬರೀ ಬೆಳ್ಳಿ ಬೆಳಕು ಹೊಡೆಯುತ್ತದೆ. ಭಾವನ ಎರಡು ಕೈ, ಬಾಗಿದ ತಲೆ ಅಷ್ಟೇ ಚೌಕಟ್ಟಿನಲ್ಲಿ.

ಬಿಡುವ ಮೊದಲು ಅವನು ಮೀನನ್ನು ನೀರಲ್ಲೇ ಒಂದು ಮಗ್ಗುಲಿಗೆ ನಿಧಾನ ಹೊರಳಿಸಿದ. ಕಣ್ಣುಗುಡ್ಡೆ ತಾನಾಗಿ ತಿರುಗಿ ಮಟ್ಟಕ್ಕೆ ಬಂದರೆ ಸುಧಾರಿಸಿಕೊಂಡಿದೆ ಎಂದರ್ಥ. ಮೈಯ ಜೊತೆಗೇ ಕಣ್ಣೂ ಹೊರಳಿದರೆ ಇನ್ನೂ ಕಾಯಬೇಕು. ಹಿಂದೆ ಮುಂದೆ ಜಗ್ಗಾಡಿಸಿ ‘ಉಸಿರು ಕೊಡುವವರು’ ಬಹಳ. ಹಿಂದಕ್ಕೆಳೆದರೆ ಕಿವಿರಿಗೆ ನೀರು ತಿರುವುಮುರುವಾಗಿ ನುಗ್ಗುತ್ತದೆ. ಸುಮ್ಮನೆ ಹಿಡಿದಿದ್ದರೆ ಸಾಕು. ಇದು ಬಾಲ ಒದ್ದು ಭಾವನ ಮುಖಕ್ಕೆಲ್ಲ ನೀರು ಎರಚಿ ಹೋಯಿತು.

ಡಿಸೆಂಬರ್ 17, ಭಾನುವಾರ

ಪುತ್ತರಿ ಮುಗಿದು ಕಾಫಿ ಕೊಯ್ಲಿನ ಗಡಿಬಿಡಿ. ಭಾವನಿಗೆ ಪುರುಸೊತ್ತಿಲ್ಲ, ನಾನು ಚಿತ್ರಗಳನ್ನು ಬೇರ್ಪಡಿಸುತ್ತಿದ್ದೇನೆ.

ಫೋಟೋವೇ ಬೇಡ ಎನ್ನುವವರಿಗೆ ಒಂದು ಉತ್ತರವಿದೆ. ಕಾವೇರಿಯ ಗೂನುಬೆನ್ನಿನ ಮಹಶೀರ್, ಕಿತ್ತಳೆ ರೆಕ್ಕೆಯದು, ಅಷ್ಟೆಲ್ಲ ಹೆಸರು ಮಾಡಿದ್ದರೂ 2018ರವರೆಗೆ ಅದಕ್ಕೆ ಖಚಿತವಾದ ವೈಜ್ಞಾನಿಕ ಹೆಸರೇ ಇರಲಿಲ್ಲ. ಕೇರಳದ ಪಾಂಬಾರ್ ಹೊಳೆಯಿಂದ 2007ರಲ್ಲಿ ವರ್ಣಿಸಿದ್ದ ಟಾರ್ ರೆಮಾದೇವಿಯೇ ಇದು ಎಂದು ಆಗ ತೀರ್ಮಾನವಾಯಿತು. ಅದೇ ವರ್ಷ ಅಳಿವಿನ ಅತಿ ಗಂಭೀರ ಅಂಚಿನಲ್ಲಿರುವ ಪಟ್ಟಿಗೂ ಸೇರಿತು. ಅದು ಕರಗುತ್ತಿರುವುದನ್ನೂ, ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯದು ಹೆಚ್ಚುತ್ತಿರುವುದನ್ನೂ ತೋರಿಸಿಕೊಟ್ಟದ್ದು ಗಾಲಿಬೋರೆ ಶಿಬಿರದಲ್ಲಿ ಗಾಳದವರು 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕ. ಗಾಲಿಬೋರೆ ಇರುವ ಅಭಯಾರಣ್ಯದೊಳಗೆ ಗಾಳ ನಿಂತ ಮೇಲೆ ಆ ಲೆಕ್ಕವೂ ನಿಂತಿತು. ಮೀನಿನ ಪಕ್ಕದ ನೋಟ, ಬಿಚ್ಚಿದ ರೆಕ್ಕೆ, ಅಳತೆ, ತಾರೀಖು: ಇಷ್ಟಕ್ಕೆ ನೀರೊಳಗಿನ ಒಂದು ಚಿತ್ರ ಸಾಕು. ಹಿಡಿದವನ ಹಲ್ಲು ಯಾವ ಅಧ್ಯಯನಕ್ಕೂ ಬೇಕಿಲ್ಲ.

ಕಳಿಸುವ ಮುನ್ನ ಎಲ್ಲ ಚಿತ್ರಗಳಿಂದ ಸ್ಥಳದ ಗುರುತು ಅಳಿಸಿದೆ. ಫೋನು ತಾನಾಗಿ ಅಕ್ಷಾಂಶ ರೇಖಾಂಶ ಬರೆದಿಡುತ್ತದೆ. ಮಡುವಿಗೆ ಸಿಡಿಮದ್ದು ಎಸೆಯುವವನಿಗೆ ಅಷ್ಟೇ ಸಾಕು. ಶಿಶಿಲದ ಕಪಿಲೆಯಲ್ಲಿ ದೇವರ ಮೀನುಗಳಿಗೇ 1996ರಲ್ಲಿ ವಿಷ ಹಾಕಿದರು. ದೇವಸ್ಥಾನದ ಬಳಿ ಆ ಮೀನುಗಳ ಸ್ಮಾರಕವಿದೆ.

ಬೆಂಗಳೂರಿನ ಹುಡುಗ ಡಿಸೆಂಬರ್ 3ರ ಚಿತ್ರ ನೋಡಿ ಬಹಳ ಮೆಚ್ಚಿದ. ಯಾವ ಮಡು ಎಂದು ಕೇಳಿ ಮೆಸೇಜು ಹಾಕಿದ್ದಾನೆ. ‘ಕಾವೇರಿ’ ಎಂದು ಉತ್ತರ ಬರೆದೆ.