ಆಮೇಲೆ ಅವನು ಶಾಲೆಗೆ ಹೋದನಾ?

‘ಬ್ರಿಜ್ ಟು ಟೆರಬಿಥಿಯಾ’ 2007ರ ಫೆಬ್ರುವರಿಯಲ್ಲಿ ಅಮೆರಿಕದಲ್ಲಿ ತೆರೆಕಂಡಾಗ, ಮಕ್ಕಳ ಕೈ ಹಿಡಿದು ಚಿತ್ರಮಂದಿರದಿಂದ ಹೊರಬಂದ ಎಷ್ಟೋ ತಂದೆತಾಯಿಯರ ದೂರು ಒಂದೇ ಆಗಿತ್ತು: ಹೊರಗೆ ತೋರಿಸಿದ್ದೇ ಒಂದು, ಒಳಗೆ ಇದ್ದದ್ದೇ ಒಂದು. ದೂರಿನಲ್ಲಿ ಹುರುಳಿತ್ತು. ಡಿಸ್ನಿ ಮತ್ತು ವಾಲ್ಡನ್ ಮೀಡಿಯಾ ಸೇರಿ 2005ರಲ್ಲಿ ನಾರ್ನಿಯಾ ಚಿತ್ರ ಕೊಟ್ಟಿದ್ದವು. ಅದೇ ಸಂಸ್ಥೆಗಳ ಹೊಸ ಚಿತ್ರದ ಟ್ರೇಲರಿನಲ್ಲೂ ಮರದೆತ್ತರದ ದೈತ್ಯ, ವಿಚಿತ್ರ ಪ್ರಾಣಿಗಳು, ಕಾಡಿನ ನಡುವೆ ಕಣ್ಣಿಗೆ ಬೀಳುವ ಒಂದು ಮಾಯಾರಾಜ್ಯ. ಜನ ಇನ್ನೊಂದು ನಾರ್ನಿಯಾ ಬಂತೆಂದುಕೊಂಡರು. ಪ್ರಚಾರ ದಾರಿ ತಪ್ಪಿಸುವಂತಿದೆ ಎಂದು ಚಿತ್ರ ಮಾಡಿದವರೇ ಅದರಿಂದ ದೂರ ನಿಂತರು.

ಚಿತ್ರಕ್ಕೆ ಮೂಲವಾದ ಕಾದಂಬರಿಯನ್ನು ಶಾಲೆಯಲ್ಲೇ ಓದಿ ಬೆಳೆದವರ ದೂರು ಬೇರೆ. ಅವರಿಗೆ ಕತೆ ಎಲ್ಲಿಗೆ ಹೋಗುತ್ತದೆಂದು ಗೊತ್ತಿತ್ತು. ಪುಸ್ತಕದಲ್ಲಿ ಇಬ್ಬರು ಮಕ್ಕಳ ಮನಸ್ಸಿನೊಳಗಷ್ಟೇ ಇದ್ದ ಪ್ರಾಣಿಗಳನ್ನು ಪರದೆಯ ಮೇಲೆ ಓಡಾಡಿಸಿದ್ದು ಅವರಿಗೆ ಹಿಡಿಸಲಿಲ್ಲ. ಇವೆರಡರ ನಡುವೆ ಮೂರನೆಯ ಗುಂಪೂ ಇತ್ತು: ನಮ್ಮ ಮಗು ಅತ್ತಿತು, ಆಮೇಲೆ ರಾತ್ರಿಯೆಲ್ಲ ಮಾತಾಡಿತು, ತೋರಿಸಿದ್ದು ಒಳ್ಳೆಯದೇ ಆಯಿತು ಎನ್ನುವವರು. ನಾನು ಸೇರಿದ್ದು ಮೊದಲನೆಯ ಗುಂಪಿಗೆ. ಟ್ರೇಲರ್ ನಂಬಿದವರ ಗುಂಪಿಗೆ.

ಮಲೆನಾಡಿನ ಒಂದು ಸಣ್ಣ ಊರಿನಲ್ಲಿ ಗೆಳೆಯರೆಲ್ಲ ಸೇರಿ ಬೇಸಿಗೆ ಶಿಬಿರ ನಡೆಸುತ್ತಿದ್ದ ಕಾಲ ಅದು. ಹಗಲು ಹಾಡು, ಮಣ್ಣಿನ ಕೆಲಸ, ಕಾಡು ಸುತ್ತಾಟ. ಸಂಜೆ ಕತ್ತಲಾದ ಮೇಲೆ ಸಿನಿಮಾ. ಅಡಿಕೆ ಒಣಗಿಸುವ ಅಂಗಳದಲ್ಲಿ ಬಿಳಿ ಪಂಚೆ ಕಟ್ಟಿ, ಕೆಳಗೆ ಚಾಪೆ ಹಾಸಿ, ಮೂವತ್ತರ ಆಸುಪಾಸಿನ ಮಕ್ಕಳನ್ನು ಕೂರಿಸುತ್ತಿದ್ದೆವು. ಹೆಚ್ಚಿನವರಿಗೆ ಇಂಗ್ಲಿಷ್ ಬಾರದು. ಹಾಗಾಗಿ ನಾನು ಲ್ಯಾಪ್‌ಟಾಪಿನ ಪಕ್ಕ ಕೂತು, ಅಲ್ಲಲ್ಲಿ ನಿಲ್ಲಿಸಿ, ಏನಾಯಿತೆಂದು ಕನ್ನಡದಲ್ಲಿ ಹೇಳುತ್ತಿದ್ದೆ. ಮಕ್ಕಳಿಗೆ ಈ ನಿಲ್ಲಿಸುವಿಕೆ ರೂಢಿಯಾಗಿತ್ತು. ನಿಲ್ಲಿಸಿದ ಕೂಡಲೇ ಎಲ್ಲ ಮುಖಗಳೂ ಪರದೆ ಬಿಟ್ಟು ನನ್ನತ್ತ ತಿರುಗುತ್ತಿದ್ದವು.

ಅಂಥ ಒಂದು ಸಂಜೆಗೆ ‘ಬ್ರಿಜ್ ಟು ಟೆರಬಿಥಿಯಾ’ ಆರಿಸಿದೆ. ಆ ಚಿತ್ರವನ್ನು ನಾನು ಮೊದಲೇ ನೋಡಿರಲಿಲ್ಲ. ಟ್ರೇಲರ್ ನೋಡಿದ್ದೆ, ಕಾದಂಬರಿಗೆ 1978ರಲ್ಲಿ ನ್ಯೂಬೆರಿ ಪದಕ ಬಂದದ್ದು ಓದಿದ್ದೆ, ಇಷ್ಟು ಸಾಕೆಂದುಕೊಂಡಿದ್ದೆ. ಕೆಲಸದ ಒತ್ತಡ ಎನ್ನಬಹುದು. ಆದರೆ ಅಡುಗೆಗೆ ತಂದ ಅಕ್ಕಿಯನ್ನು ಕೇರಿ, ಆರಿಸಿ ನೋಡುವಷ್ಟು ಪುರುಸೊತ್ತು ನನಗೆ ಆ ಶಿಬಿರದಲ್ಲಿ ಇತ್ತು.

ಚಿತ್ರ ಶುರುವಾಯಿತು, ಮಕ್ಕಳು ಒಳಗೇ ಹೋಗಿಬಿಟ್ಟರು. ಬಡತನದ ಮನೆಯ ಜೆಸ್ ಏರನ್ಸ್, ಅಕ್ಕತಂಗಿಯರ ನಡುವೆ ಒಬ್ಬನೇ ಗಂಡು, ಚಿತ್ರ ಬರೆಯುವ ಹುಚ್ಚು. ಪಕ್ಕದ ಮನೆಗೆ ಹೊಸದಾಗಿ ಬಂದ ಲೆಸ್ಲಿ ಬರ್ಕ್, ಓಟದಲ್ಲಿ ಗಂಡುಹುಡುಗರನ್ನೆಲ್ಲ ಹಿಂದೆ ಹಾಕುವವಳು. ಇಬ್ಬರೂ ಮರಕ್ಕೆ ಕಟ್ಟಿದ ಹಗ್ಗ ಹಿಡಿದು ಜೋತಾಡಿ ಹಳ್ಳ ದಾಟುತ್ತಾರೆ. ಆಚೆ ದಡದಲ್ಲಿ ಟೆರಬಿಥಿಯಾ ಎಂಬ ತಮ್ಮದೇ ರಾಜ್ಯ ಕಟ್ಟುತ್ತಾರೆ. ಹಗ್ಗದ ದೃಶ್ಯ ಬಂದಾಗ ನಮ್ಮ ಹುಡುಗರಲ್ಲಿ ಗುಸುಗುಸು ಎದ್ದಿತು. ಹಳ್ಳ ದಾಟುವ ಕಷ್ಟ ಅವರಿಗೆ ಹೇಳಿಕೊಡಬೇಕಿರಲಿಲ್ಲ. ಮಳೆಗಾಲದಲ್ಲಿ ಅಡಿಕೆ ಮರದ ಕಾಲುಸಂಕದ ಮೇಲೆ ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಚಪ್ಪಲಿ ಹಿಡಿದು ಶಾಲೆಗೆ ಹೋಗುವವರು ಅವರು. ಸಂಕ ಪಾಚಿಗಟ್ಟಿದ್ದರೆ ಹೆಜ್ಜೆ ಅಡ್ಡಡ್ಡ ಇಡಬೇಕೆಂದು ಒಂದನೇ ತರಗತಿಯ ಪುಟ್ಟಿಗೂ ಗೊತ್ತು. ಆ ಹಗ್ಗ ಹಳತು, ಅದನ್ನು ಯಾರೂ ಎಳೆದು ನೋಡಲಿಲ್ಲವಲ್ಲ ಎಂದು ಒಬ್ಬ ಹೇಳಿದ್ದು ನನಗೆ ಕೇಳಿಸಿತ್ತು. ನಾನದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಒಂದು ದಿನ ಜೆಸ್ ತನ್ನ ಸಂಗೀತದ ಟೀಚರ್ ಜತೆ ವಸ್ತುಸಂಗ್ರಹಾಲಯ ನೋಡಲು ಪಟ್ಟಣಕ್ಕೆ ಹೋಗುತ್ತಾನೆ. ಲೆಸ್ಲಿಯನ್ನು ಕರೆಯುವುದಿಲ್ಲ. ಸಂತೋಷದಿಂದ ಮನೆಗೆ ಬಂದರೆ ಎಲ್ಲರ ಮುಖ ಕಪ್ಪಿಟ್ಟಿದೆ. ಅಮ್ಮ ಓಡಿಬಂದು ಅಪ್ಪಿಕೊಳ್ಳುತ್ತಾಳೆ. ಅಪ್ಪ ಹೇಳುತ್ತಾನೆ: ಹಗ್ಗ ತುಂಡಾಯಿತು, ಲೆಸ್ಲಿ ಹಳ್ಳಕ್ಕೆ ಬಿದ್ದಳು, ಸತ್ತುಹೋದಳು.

ನಾನು ಅಲ್ಲಿ ಚಿತ್ರ ನಿಲ್ಲಿಸಿದೆ. ಎಂದಿನಂತೆ ಎಲ್ಲ ಮುಖಗಳೂ ನನ್ನ ಕಡೆ ತಿರುಗಿದವು. ಮುಂದಿನ ಸಾಲಿನಲ್ಲೇ ಒಬ್ಬ ಹುಡುಗ ಕೂತಿದ್ದ, ಐದನೇ ತರಗತಿ. ಹಿಂದಿನ ಆಟಿ ತಿಂಗಳ ಮಳೆಯಲ್ಲಿ ಅವನ ಅಣ್ಣ ಹಳ್ಳದಲ್ಲಿ ಕೊಚ್ಚಿಹೋಗಿದ್ದ. ಇಬ್ಬರೂ ಒಂದೇ ಶಾಲೆ. ನಮಗೆಲ್ಲ ಗೊತ್ತಿದ್ದ ವಿಷಯ. ಶಿಬಿರಕ್ಕೆ ಅವನನ್ನು ಕಳಿಸಿದ್ದೇ ನಾಲ್ಕು ಮಕ್ಕಳೊಂದಿಗೆ ಬೆರೆಯಲಿ ಎಂದು. ಪರದೆಯ ಮೇಲೆ ಜೆಸ್‌ನ ಅಪ್ಪನ ಮುಖ ಬಾಯಿ ಅರೆತೆರೆದು ನಿಂತಿತ್ತು. ಆ ಅಪ್ಪ ಹೇಳಿದ್ದನ್ನು ನಾನು ಈಗ ಈ ಹುಡುಗನ ಮುಖ ನೋಡಿಕೊಂಡು ಹೇಳಬೇಕಿತ್ತು. ನನ್ನಿಂದ ಆಗಲಿಲ್ಲ. ಕರೆಂಟು ಹೋಗುವ ಹಾಗಿದೆ, ನಾಳೆ ನೋಡೋಣ ಎಂದೆ. ಲೆಸ್ಲಿಗೆ ಏನಾಯಿತು ಎಂದು ಹಿಂದಿನಿಂದ ಯಾರೋ ಕೇಳಿದರು. ಬಿದ್ದು ಪೆಟ್ಟಾಗಿದೆ, ಆಸ್ಪತ್ರೆಗೆ ಸೇರಿಸಿದ್ದಾರೆ, ಹುಷಾರಾಗುತ್ತಾಳೆ ಎಂದೆ.

ಇಷ್ಟು ಹೇಳುವಾಗ ನನಗೆ ತಪ್ಪು ಮಾಡುತ್ತಿದ್ದೇನೆ ಎಂದು ಅನ್ನಿಸಲೇ ಇಲ್ಲ. ಮಗುವನ್ನು ಕಾಪಾಡಿದೆ ಎಂದೇ ಅನ್ನಿಸಿತು. ಊಟಕ್ಕೆ ಎದ್ದಾಗ ಸಿಟ್ಟಿತ್ತು, ಆ ಸಿಟ್ಟೆಲ್ಲ ಚಿತ್ರ ಮಾಡಿದವರ ಮೇಲೆ.

ಏಳನೇ ತರಗತಿಯ ಒಬ್ಬ ಹುಡುಗಿಗೆ ಅಪ್ಪನ ಆ ಇಂಗ್ಲಿಷ್ ಮಾತು ಅರ್ಥವಾಗಿತ್ತು. ಮಲಗುವ ಮೊದಲೇ ಸುದ್ದಿ ಚಾಪೆಯಿಂದ ಚಾಪೆಗೆ ದಾಟಿತ್ತು. ಮರುದಿನ ಬೆಳಿಗ್ಗೆ ಎಲ್ಲರಿಗೂ ಲೆಸ್ಲಿ ಸತ್ತದ್ದು ಗೊತ್ತಿತ್ತು, ನಾನು ಸುಳ್ಳು ಹೇಳಿದ್ದೂ ಗೊತ್ತಿತ್ತು. ಯಾರೂ ಜಗಳಕ್ಕೆ ಬರಲಿಲ್ಲ. ಚಿತ್ರದ ಉಳಿದ ಭಾಗ ಯಾವಾಗ ಎಂದೂ ಕೇಳಲಿಲ್ಲ. ಸಂಜೆ ನಾನು ಬೇರೊಂದು ನಗೆಚಿತ್ರ ಹಾಕಿದೆ. ನಿಲ್ಲಿಸಿ ಕನ್ನಡದಲ್ಲಿ ಹೇಳತೊಡಗಿದರೆ ತಿರುಗಿದ ಮುಖಗಳು ಅರ್ಧಕ್ಕರ್ಧ. ಮಿಕ್ಕವರು ಪಕ್ಕದಲ್ಲಿದ್ದ ಆ ಹುಡುಗಿಯನ್ನು ಕೇಳುತ್ತಿದ್ದರು.

ಮುಂದಿನ ಸಾಲಿನ ಹುಡುಗ ಮಾತ್ರ ಶಿಬಿರ ಮುಗಿಯುವ ದಿನ ನಾನು ಪಾತ್ರೆ ಜೋಡಿಸುತ್ತಿದ್ದಲ್ಲಿಗೆ ಬಂದ. ಆಮೇಲೆ ಅವನು ಶಾಲೆಗೆ ಹೋದನಾ ಎಂದು ಕೇಳಿದ. ಹೋದ ಎಂದೆ. ಹೋದ ಮೇಲೆ ಅವರೆಲ್ಲ ಏನಂದರು ಎಂದು ಕೇಳಿದ. ನನ್ನ ಬಳಿ ಉತ್ತರವಿರಲಿಲ್ಲ. ನಾನು ಚಿತ್ರದ ಕೊನೆ ಆಗಲೂ ನೋಡಿರಲಿಲ್ಲ.

ಅವನ ಮನೆಯವರು ಜೂನ್‌ನಲ್ಲಿ ಅವನನ್ನು ದೂರದ ಹಾಸ್ಟೆಲಿಗೆ ಸೇರಿಸಿದರು. ನಾನು ಚಿತ್ರವನ್ನು ಕೊನೆತನಕ ನೋಡಿದ್ದು ಅದಕ್ಕೂ ಆಮೇಲೆ. ನಾನು ನಿಲ್ಲಿಸಿದ ಜಾಗದಿಂದ ಮುಂದೆ ಸುಮಾರು ಇಪ್ಪತ್ತು ನಿಮಿಷ ಇದೆ. ಆ ಇಪ್ಪತ್ತು ನಿಮಿಷದಲ್ಲಿ ಆ ಹುಡುಗನ ಪ್ರಶ್ನೆಗೆ ನೇರ ಉತ್ತರವಿದೆ. ಜೆಸ್ ಶಾಲೆಗೆ ಹೋಗುತ್ತಾನೆ. ತರಗತಿಯಲ್ಲಿ ಲೆಸ್ಲಿಯ ಜಾಗ ಖಾಲಿ. ಸಹಪಾಠಿಯೊಬ್ಬ ಚುಚ್ಚಿ ಮಾತಾಡುತ್ತಾನೆ, ಜೆಸ್ ಅವನಿಗೆ ಹೊಡೆಯುತ್ತಾನೆ. ಮಕ್ಕಳೆಲ್ಲ ರಾಕ್ಷಸಿ ಎಂದು ಆಡಿಕೊಳ್ಳುವ ಟೀಚರ್ ಮಿಸೆಸ್ ಮೈಯರ್ಸ್ ಅವನನ್ನು ಹೊರಗೆ ಕರೆಯುತ್ತಾಳೆ. ಶಿಕ್ಷೆಗೆ ಕಾದು ನಿಂತ ಹುಡುಗನ ಮುಂದೆ ಆಕೆ ತನ್ನ ಗಂಡ ತೀರಿಕೊಂಡ ಕಾಲದ ಮಾತು ತೆಗೆಯುತ್ತಾಳೆ. ಅಳಬೇಡ, ಮರೆತುಬಿಡು ಎಂದು ಎಲ್ಲರೂ ಹೇಳುತ್ತಿದ್ದರಂತೆ. ಆಕೆಗೆ ಮರೆಯಲು ಇಷ್ಟವೇ ಇರಲಿಲ್ಲವಂತೆ. ಆಮೇಲೆ ಕಾಡಿನಲ್ಲಿ ಅಪ್ಪ ಅವನನ್ನು ಹಿಡಿದು ತಬ್ಬಿಕೊಳ್ಳುತ್ತಾನೆ. ಅದುವರೆಗೆ ಇಡೀ ಚಿತ್ರದಲ್ಲಿ ಆ ಅಪ್ಪ ತಂಗಿಯನ್ನು ಮುದ್ದಿಸಿದ್ದು ಬಿಟ್ಟರೆ ಮಗನನ್ನು ಮುಟ್ಟಿ ಮಾತಾಡಿಸಿದ್ದು ಕಾಣುವುದಿಲ್ಲ. ಕೊನೆಗೆ ಜೆಸ್ ಹಲಗೆ ತಂದು ಹಳ್ಳಕ್ಕೆ ಸೇತುವೆ ಹಾಕಿ, ಪುಟ್ಟ ತಂಗಿ ಮೇ ಬೆಲ್‌ಳನ್ನು ಕೈಹಿಡಿದು ದಾಟಿಸುತ್ತಾನೆ.

ನಾನು ಮಕ್ಕಳಿಗೆ ಸಾವನ್ನು ಕೊಟ್ಟು, ಅದರ ಮೇಲೆ ಹಾಕಿದ ಸೇತುವೆಯನ್ನು ಕಿತ್ತುಕೊಂಡಿದ್ದೆ.

ಕಾದಂಬರಿ ಓದಿದ ಮೇಲೆ ಇದು ಇನ್ನಷ್ಟು ಚುಚ್ಚಿತು. ಕ್ಯಾಥರೀನ್ ಪ್ಯಾಟರ್ಸನ್ ಇದನ್ನು ಬರೆದದ್ದು ತಮ್ಮ ಮಗ ಡೇವಿಡ್‌ಗಾಗಿ. 1974ರ ಆಗಸ್ಟ್‌ನಲ್ಲಿ ಅವನ ಆಪ್ತ ಗೆಳತಿ, ಎಂಟು ವರ್ಷದ ಲಿಸಾ ಹಿಲ್, ಕಡಲತೀರದಲ್ಲಿ ಸಿಡಿಲು ಬಡಿದು ಸತ್ತಳು. ಅದೇ ವರ್ಷ ಪ್ಯಾಟರ್ಸನ್‌ಗೆ ಕ್ಯಾನ್ಸರ್ ಚಿಕಿತ್ಸೆಯೂ ಆಗಿತ್ತು. ಮಗನಿಗೆ ಏನು ಹೇಳಬೇಕೆಂದು ತೋಚದೆ ತಾಯಿ ಕತೆ ಬರೆಯತೊಡಗಿದರು. ಲೆಸ್ಲಿ ಸಾಯಬೇಕಾದ ಅಧ್ಯಾಯದ ಹತ್ತಿರ ಬಂದವರು ಪೆನ್ನು ಕೆಳಗಿಟ್ಟರು. ಬರೆಯದೆ ಇರುವಷ್ಟು ದಿನ ಹುಡುಗಿ ಬದುಕಿರುತ್ತಾಳಲ್ಲ. ಇದನ್ನು ಅವರೇ ಹೇಳಿಕೊಂಡಿದ್ದಾರೆ. ಅಂದರೆ ನಾನು ನಿಲ್ಲಿಸಿದ ಜಾಗದಲ್ಲೇ ಅವರೂ ನಿಂತಿದ್ದರು. ಅವರು ಮತ್ತೆ ಕೂತು ಬರೆದರು. 1977ರಲ್ಲಿ ಪುಸ್ತಕ ಬಂತು, ಮಗ ಓದಿ ಅರ್ಪಣೆಯಲ್ಲಿ ಲಿಸಾಳ ಹೆಸರನ್ನೂ ಸೇರಿಸು ಎಂದ. ಮುಂದೆ ಚಿತ್ರಕತೆ ಬರೆದ ಇಬ್ಬರಲ್ಲಿ ಆ ಮಗನೂ ಒಬ್ಬ. ಅಮೆರಿಕದ ಗ್ರಂಥಾಲಯ ಸಂಘ 1990ರ ದಶಕದಲ್ಲಿ ಪಟ್ಟಿ ಮಾಡಿದ, ಅತಿ ಹೆಚ್ಚು ಆಕ್ಷೇಪಕ್ಕೆ ಗುರಿಯಾದ ಪುಸ್ತಕಗಳ ಮೇಲಿನ ಸಾಲಿನಲ್ಲೇ ಈ ಪುಸ್ತಕವಿದೆ.

ಚಿತ್ರದ ಬಗ್ಗೆ ಈಗ ನನ್ನ ಅಭಿಪ್ರಾಯ ಕೇಳಿದರೆ, ಕಾದಂಬರಿ ಓದಿದವರ ಜತೆ ಅರ್ಧ ಸೇರುತ್ತೇನೆ. ನಿರ್ದೇಶಕ ಗಾಬೋರ್ ಚೂಪೋ ಕಾರ್ಟೂನ್ ಲೋಕದಿಂದ ಬಂದವರು. ‘ರಗ್‌ರ‍್ಯಾಟ್ಸ್’ ಸರಣಿ ಅವರ ಸಂಸ್ಥೆಯದು. ಚಿತ್ರೀಕರಣ ನಡೆದದ್ದು ನ್ಯೂಜಿಲೆಂಡಿನಲ್ಲಿ, ಪ್ರಾಣಿಗಳನ್ನು ಸೃಷ್ಟಿಸಿದ್ದು ಅಲ್ಲಿನ ವೆಟಾ ಸಂಸ್ಥೆ. ಅಳಿಲಿನಂಥ ರಾಕ್ಷಸರೆಲ್ಲ ಅಷ್ಟು ಸ್ಪಷ್ಟವಾಗಿ ಕಾಣಬೇಕಿರಲಿಲ್ಲ. ಆದರೆ ಜೆಸ್ ಮತ್ತು ಲೆಸ್ಲಿಯಾಗಿ ನಟಿಸಿದ ಜೋಶ್ ಹಚರ್ಸನ್ ಮತ್ತು ಆನಾಸೋಫಿಯಾ ರಾಬ್ ತಲೆ ಮೇಲೆತ್ತಿ ಮರಗಳ ತುದಿ ನೋಡುವ ಕಡೆ ಏನೂ ಕಾಣದೆಯೂ ಎಲ್ಲ ಕಾಣುತ್ತದೆ. ಛಾಯಾಗ್ರಾಹಕ ಮೈಕೆಲ್ ಚಾಪ್‌ಮನ್, ‘ಟ್ಯಾಕ್ಸಿ ಡ್ರೈವರ್’ ಚಿತ್ರೀಕರಿಸಿದವರು. ಕಾಡನ್ನು ಅವರು ಮಕ್ಕಳ ಕಣ್ಣಿನ ಎತ್ತರದಿಂದ ನೋಡಿದ್ದಾರೆ.

ಹಾಸ್ಟೆಲಿನ ಹುಡುಗನಿಗೆ ಉಳಿದ ಕತೆಯನ್ನು ಕನ್ನಡದಲ್ಲಿ ಬರೆದು ಕಳಿಸಿದೆ. ಶಾಲೆಯ ಭಾಗವನ್ನು ಉದ್ದವಾಗಿಯೇ ಬರೆದೆ. ಅಂದು ಸುಳ್ಳು ಹೇಳಿದ್ದೆ ಎಂದು ಮೊದಲ ಸಾಲಿನಲ್ಲೇ ಬರೆದೆ. ಉತ್ತರ ಬರಲಿಲ್ಲ, ಕೇಳುವ ಹಕ್ಕೂ ನನಗಿಲ್ಲ.

ಮರುವರ್ಷದ ಶಿಬಿರದಲ್ಲಿ ಅದೇ ಚಿತ್ರ ತೋರಿಸುವುದೆಂದು ಪಟ್ಟು ಹಿಡಿದೆ. ಈ ಸಲ ತಂದೆತಾಯಿಯರನ್ನು ಮೊದಲೇ ಕರೆದು, ಇದರಲ್ಲಿ ಒಂದು ಮಗು ಸಾಯುತ್ತದೆ, ಬೇಡವೆನಿಸಿದವರು ಆ ಸಂಜೆ ಮಕ್ಕಳನ್ನು ಕರೆದುಕೊಂಡು ಹೋಗಬಹುದು ಎಂದು ತಿಳಿಸಿದೆ. ಕೆಲವರು ಕರೆದುಕೊಂಡು ಹೋದರು. ಒಬ್ಬ ಅಜ್ಜಿ ಉಳಿದರು, ಮೊಮ್ಮಗಳ ಜತೆ ಕೂತು ಪೂರ್ತಿ ನೋಡಿದರು, ಆದರೂ ಒಪ್ಪಲಿಲ್ಲ. ನಾನು ಅಭಿಮನ್ಯು ಕಾಳಗದ ಮಾತೆತ್ತಿದೆ: ಬಯಲಾಟದಲ್ಲಿ ಮಕ್ಕಳು ಬೆಳಗಿನ ಜಾವದವರೆಗೆ ಕಣ್ಣುಬಿಟ್ಟು ಆ ಸಾವನ್ನು ನೋಡುತ್ತಾರಲ್ಲ ಎಂದೆ. ಅಭಿಮನ್ಯು ಕಿರೀಟ ಹಾಕಿಕೊಂಡವನು, ಚೆಂಡೆ ಬಡಿದು ಎಲ್ಲರಿಗೂ ಮೊದಲೇ ಗೊತ್ತಾಗಿ ಸಾಯುವವನು. ಇವಳು ನಮ್ಮ ಹುಡುಗಿಯ ಹಾಗೆ ಬೂಟು ಹಾಕಿಕೊಂಡು ಬೆಳಿಗ್ಗೆ ಮನೆಯಿಂದ ಹೊರಟವಳು, ಎರಡೂ ಒಂದೇ ಹೇಗಾಗುತ್ತದೆ ಎಂದರು. ಅವರ ಮಾತಿಗೆ ನನ್ನ ಬಳಿ ಇಂದಿಗೂ ಜವಾಬಿಲ್ಲ, ಚಿತ್ರ ತೋರಿಸುವುದನ್ನು ಬಿಟ್ಟೂ ಇಲ್ಲ.

ಅಪ್ಪ ಸುದ್ದಿ ಹೇಳುವ ಜಾಗದಲ್ಲಿ ಆ ಸಂಜೆ ಮತ್ತೆ ನಿಲ್ಲಿಸಿದೆ. ಲೆಸ್ಲಿ ಸತ್ತಳು ಎಂದು ಹೇಳಿ, ಮುಂದೆ ನೋಡೋಣ ಎಂದು ಒತ್ತಿದೆ. ಸಣ್ಣವರು ಕೆಲವರು ಅತ್ತರು. ಚಿತ್ರ ಮುಗಿದ ಮೇಲೆ ಯಾರೂ ಏಳಲಿಲ್ಲ, ಜಗಳ ಶುರುವಾಯಿತು. ಜೆಸ್ ಅವಳನ್ನು ಕರೆದುಕೊಂಡು ಹೋಗಬೇಕಿತ್ತು ಎಂದು ಒಬ್ಬಳು; ಹೋಗಿದ್ದರೂ ಮರುದಿನ ಹಗ್ಗ ತುಂಡಾಗುತ್ತಿತ್ತು, ಆಗ ಅವನೇ ಬೀಳುತ್ತಿದ್ದ ಎಂದು ಇನ್ನೊಬ್ಬ. ಪ್ರಾಣಿಗಳು ನಿಜವಾ, ಅವರಿಗೆ ಹಾಗೆ ಕಂಡದ್ದಾ ಎಂದು ಇಬ್ಬರು ಕೈ ಕೈ ಮಿಲಾಯಿಸುವಷ್ಟು ಮುಂದಕ್ಕೆ ಹೋದರು. ಮೇ ಬೆಲ್‌ಳನ್ನು ಅಷ್ಟು ಬೇಗ ರಾಜಕುಮಾರಿ ಮಾಡಿದ್ದು ಸರಿಯಲ್ಲ, ಲೆಸ್ಲಿಗೆ ಬೇಜಾರಾಗುತ್ತದೆ ಎಂದು ಆರನೇ ತರಗತಿಯ ಹುಡುಗಿಯೊಬ್ಬಳು ಹಟ ಹಿಡಿದಳು. ಬೇಜಾರಾಗುವುದಿಲ್ಲ, ತಂಗಿ ಹಗ್ಗ ಹಿಡಿದು ಹೋಗಲಿಲ್ಲವಲ್ಲ, ಹಲಗೆ ಮೇಲೆ ಹೋದಳಲ್ಲ ಎಂದು ಅವಳ ಪಕ್ಕದವಳು. ಹಲಗೆಯ ಪಕ್ಕ ಹಿಡಿದುಕೊಳ್ಳಲು ಕಂಬಿ ಎಲ್ಲಿತ್ತು, ಮಳೆಗಾಲದಲ್ಲಿ ಅದರ ಮೇಲೆ ನಡೆಯುವುದಕ್ಕಾಗುತ್ತದಾ ಎಂದು ಹುಡುಗನೊಬ್ಬ ಎದ್ದು ನಿಂತು, ಆ ದೃಶ್ಯವನ್ನು ಇನ್ನೊಮ್ಮೆ ಹಾಕಿ ಎಂದ.