ಮೊಂಪೆಲಿಯೆ ಊಟ, ಭಾಗ 6: ಬಿರಡೆ ಹಾಕಿಟ್ಟ ಬಾಟಲಿ

ಹೋದ ಪೋಸ್ಟಿನ ಫೋಟೋದಲ್ಲಿ ವೈನ್ ಬಾಟಲಿ ನೋಡಿ "ಏನಮ್ಮ, ಫ್ರಾನ್ಸಿಗೆ ಹೋಗಿ ಹಾಳಾದ್ಯಾ?" ಅಂತ ಮೆಸೇಜ್ ಮಾಡಿದವರಿಗೆಲ್ಲ ಒಟ್ಟಿಗೇ ಉತ್ತರ.

ಜುಲೈ ಬಿಸಿಲಿಗೆ ನಮ್ಮ ಮನೆ ಓನರ್ ಅಜ್ಜಿ ಒಲೆ ಹಚ್ಚೋದೇ ಕಮ್ಮಿ. ಭಾನುವಾರ ಹೆಚ್ಚಿದ ಟೊಮ್ಯಾಟೊ, ಉಪ್ಪು, ಆಲಿವ್ ಎಣ್ಣೆ, ಬಾಲ್ಕನಿಯಲ್ಲಿ ಸುಟ್ಟ ಸಾರ್ಡೀನ್ (ನಮ್ಮ ಮಂಗಳೂರಿನ ಬೂತಾಯಿಯ ನೆಂಟ). ಜೊತೆಗೆ ತಣ್ಣಗಿನ ಪಿಕ್‌ಪೂಲ್ ದ ಪಿನೆ. ಇಲ್ಲೇ ಹತ್ತಿರ ತೋ ಅನ್ನೋ ಉಪ್ಪುನೀರಿನ ಸರೋವರ ಇದೆ, ಸಿಂಪಿ ಸಾಕೋ ಜಾಗ. ಅದರ ಸುತ್ತಿನ ತೋಟಗಳ ಬಿಳಿ ವೈನ್ ಇದು. ಒಳ್ಳೇ ಹುಳಿ. "ಮೀನಿಗೆ ನಿಂಬೆ ಹಿಂಡಲ್ವಾ? ಅದೇ ಕೆಲಸ" ಅಂತಾರೆ ಅಜ್ಜಿ. ಇಂಥ ಜಿಡ್ಡಿನ ಮೀನಿಗೆ ಕೆಂಪು ವೈನ್ ಸೇರಿದ್ರೆ ಬಾಯಲ್ಲಿ ಕಬ್ಬಿಣ ನೆಕ್ಕಿದ ಹಾಗಂತೆ. ಬದನೆ, ಟೊಮ್ಯಾಟೊ, ದಪ್ಪಮೆಣಸಿನಕಾಯಿಯ ರಾತಾತೂಯಿಗೆ ಪ್ರೊವಾನ್ಸಿನ ರೋಸೆ. ಕೆಂಪೇ ಬೇಕಂದ್ರೆ ಬೋಜೊಲೆ, ಅದೂ ಅರ್ಧ ಗಂಟೆ ಫ್ರಿಡ್ಜಲ್ಲಿಟ್ಟು.

ಮೊದಲ ಎರಡು ತಿಂಗಳು ಇದೆಲ್ಲ ನಾನು ಬರೀ ಕೇಳಿದ್ದು. ಲೋಟ ಬೋರಲು ಹಾಕಿ ಕೂರ್ತಿದ್ದೆ. ಕ್ಲಾಸಿನ ಕೆಲವರಿಗೆ ಗೊತ್ತು, ನಮ್ಮಪ್ಪ ಕುಡೀತಿದ್ರು. ನಮ್ಮನೇಲಿ ಬಾಟಲಿ ಬಂದ್ರೆ ಊಟ ಕೆಟ್ಟಿತು ಅಂತಲೇ ಲೆಕ್ಕ. ಗೇಟ್ ತೆಗೆಯೋ ಸದ್ದಲ್ಲೇ ಅಮ್ಮ ಇವತ್ತು ಎಷ್ಟಾಗಿದೆ ಅಂತ ಅಳೀತಿದ್ರು.

ಅಜ್ಜಿ ಯಾಕೆ ಅಂತ ಒಂದು ದಿನವೂ ಕೇಳಲಿಲ್ಲ. ಊಟ ಮುಗಿದ ಮೇಲೆ ಉಳಿದ ಅರ್ಧ ಬಾಟಲಿಗೆ ಬಿರಡೆ ಒತ್ತಿ ಫ್ರಿಡ್ಜಲ್ಲಿ ಇಡ್ತಿದ್ರು, ಹಾಲಿನ ಪಕ್ಕ. ಸೋಮವಾರ ನೋಡಿದೆ. ಮಂಗಳವಾರ ನೋಡಿದೆ. ಬುಧವಾರವೂ ಅಷ್ಟೇ ಇತ್ತು. ಚಿಕ್ಕವಳಿದ್ದಾಗ ಅಪ್ಪನ ಬಾಟಲಿಯ ಮಟ್ಟ ನೋಡ್ತಿದ್ದೆನಲ್ಲ, ಅದೇ ಕಣ್ಣಲ್ಲಿ.

ಹಾಗಂತ ಇಲ್ಲಿ ಎಲ್ರೂ ಹೀಗೆ ಅಂದ್ಕೋಬೇಡಿ. ನಾನು ಕೂರೋ ಕುರ್ಚಿ ಅಜ್ಜಿಯ ತಮ್ಮನದು. ಕುಡಿದು ಕುಡಿದೇ ಹೋದವರಂತೆ.

ಅವರು ಇದನ್ನ ಹೇಳಿದ ಮುಂದಿನ ಭಾನುವಾರ ಅಡುಗೆ ನಾನೇ ಮಾಡಿದೆ, ಚಿತ್ರಾನ್ನ (ಎರಡನೇ ಫೋಟೋ). ಲೋಟ ನೆಟ್ಟಗೆ ಮಾಡಿ ಮುಂದೆ ತಳ್ಳಿದೆ. ಅಜ್ಜಿ ಎರಡು ಬೆರಳಷ್ಟು ಸುರಿದ್ರು. ಪಿಕ್‌ಪೂಲ್ ನಿಂಬೆಗೆ ಸರಿಹೋಯ್ತು, ಹಸಿಮೆಣಸಿನಕಾಯಿಗೆ ಸುತರಾಂ ಇಲ್ಲ. ಆಲ್ಕೋಹಾಲ್ ಖಾರವನ್ನ ಇನ್ನೂ ಕೆರಳಿಸುತ್ತೆ. ಇಬ್ಬರಿಗೂ ಕಣ್ಣೀರು! ಮರುವಾರ ಅಜ್ಜಿ ಲ್ವಾರ್ ನದಿ ಕಡೆಯ ವೂವ್ರೆ ತಂದ್ರು, ದೆಮಿ-ಸೆಕ್, ಅಂದ್ರೆ ಸ್ವಲ್ಪ ಸಿಹಿ ಉಳಿಸಿದ್ದು. ಆ ಸಿಹಿ ಖಾರದ ಕೈ ಹಿಡೀತು. ಒಗ್ಗರಣೆಯ ಕಡ್ಲೆಬೀಜದ ಜೊತೆ ಅಂತೂ ಸೂಪರ್.

ನಂದು ಈಗಲೂ ಭಾನುವಾರದ ಆ ಎರಡು ಬೆರಳೇ. ಫ್ರಿಡ್ಜ್ ನೋಡೋದೂ ಬಿಟ್ಟಿಲ್ಲ.

ಅಮ್ಮ ಇಲ್ಲಿ ನನ್ನ ಫಾಲೋ ಮಾಡ್ತಾರೆ. ಈ ಪೋಸ್ಟ್ ಅವರಿಗೆ ಕಾಣದ ಹಾಗೆ ಮಾಡೋಣ ಅಂತ ಸೆಟ್ಟಿಂಗ್ಸ್ ತನಕ ಹೋಗಿ ವಾಪಸ್ ಬಂದೆ. ರಾತ್ರಿ ಫೋನ್ ಬರುತ್ತೆ.